ಬ್ಯಾಸಿಗ್ಯಾಗ ಫ್ರಿಜ್ ಒಳಗ ಇಟ್ಟದ್ದೂ ಕೆಡಾಕತ್ತೈತಿ: ಏನು, ಎಲ್ಲಿ, ಎಷ್ಟು ದಿನ?

ಭಾಗ್ಯನಗರ, ಕೊಪ್ಪಳ
190 ಲೀಟರಿನ ಸಿಂಗಲ್ ಡೋರ್ ಫ್ರಿಜ್. ಗುಂಡಿಯಲ್ಲಿ 1ರಿಂದ 5ರವರೆಗೆ ಇದೆ, ಈಗ 3ರಲ್ಲಿದೆ. ಯುಗಾದಿ ಆದಮೇಲೆ ರಾತ್ರಿ ಇಟ್ಟ ಬೇಳೆಸಾರು ಮರುದಿನ ಮಧ್ಯಾಹ್ನಕ್ಕೆ ಹುಳಿ ಬರುತ್ತಿದೆ, ಪಾಕೀಟು ಹಾಲು ಎರಡನೇ ದಿನ ಕಾಯಿಸಿದರೆ ಒಡೆಯುತ್ತಿದೆ. ಆದರೆ ಮೇಲೆ ಐಸ್ ಗಟ್ಟಿಯಾಗಿಯೇ ಕಟ್ಟುತ್ತದೆ. ಫ್ರಿಜ್ ಕೆಟ್ಟಿದೆಯೋ, ಇಡುವ ರೀತಿ ತಪ್ಪಿದೆಯೋ? ಅನ್ನ, ಸಾರು, ಮಾಂಸ ಎಷ್ಟು ದಿನ ಇಡಬಹುದು ಅನ್ನೋದನ್ನೂ ತಿಳಿದವರು ಬಿಡಿಸಿ ಹೇಳಿ.

ತಂಪುಯಂತ್ರ, ರಾಯಚೂರು
ಮೊದಲು ಅಳೆಯಿರಿ. ಗುಂಡಿ ಮೇಲಿನ 3 ಎಂದರೆ 3 ಡಿಗ್ರಿ ಅಲ್ಲ, ಸಂಖ್ಯೆ ಹೆಚ್ಚಾದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ ಅಷ್ಟೆ. ಫ್ರಿಜ್ ಥರ್ಮಾಮೀಟರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ನಡುವಿನ ತಟ್ಟೆಯ ಮೇಲೆ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓದಿ. ಬರಿ ಗಾಳಿಯಲ್ಲಿ ಇಟ್ಟರೆ ಬಾಗಿಲು ತೆಗೆದಾಗಲೆಲ್ಲ ಏರಿಳಿಯುತ್ತದೆ. ಆಹಾರ ಎಷ್ಟು ತಣ್ಣಗಿದೆ ಎಂದು ಹೇಳುವುದು ಲೋಟದ ನೀರು. 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಅದೇ ಅಳತೆಯನ್ನು ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ಮಾಡಿ, ನಮ್ಮ ಕಡೆ ನಿಜವಾದ ಪರೀಕ್ಷೆ ಅದೇ.

ಐಸ್ ಗಟ್ಟಿ, ಕೆಳಗೆ ಬೆಚ್ಚಗೆ ಅಂದರೆ ಸಿಂಗಲ್ ಡೋರಿನಲ್ಲಿ ಸಾಮಾನ್ಯವಾಗಿ ಮೂರು ಕಾರಣ. ಒಂದು, ಫ್ರೀಜರ್ ಗೋಡೆಗೆ ಹಿಮ ದಪ್ಪಗೆ ಕಟ್ಟಿರುವುದು. ಹಿಮ ಅಂದರೆ ತಂಪಿಗೆ ಹೊದಿಸಿದ ಕಂಬಳಿ, ಒಳಗಿನ ತಂಪು ಹೊರಗೆ ಬರಲು ಬಿಡುವುದಿಲ್ಲ. 5 ಮಿಲಿಮೀಟರ್ ದಾಟಿದರೆ ಕರಗಿಸಲೇಬೇಕು. ಎರಡು, ಫ್ರೀಜರಿನ ಕೆಳಗಿರುವ ಚಿಲ್ಲರ್ ಟ್ರೇ ಮತ್ತು ತಟ್ಟೆಗಳ ಮೇಲೆ ಪೇಪರ್, ಪ್ಲಾಸ್ಟಿಕ್ ಹಾಸಿರುವುದು. ತಂಪು ಗಾಳಿ ತಂತಿ ತಟ್ಟೆಯ ಸಂದಿನಿಂದ ತಾನೇ ಕೆಳಗಿಳಿಯಬೇಕು, ಅಲ್ಲಿ ಫ್ಯಾನ್ ಇರುವುದಿಲ್ಲ. ಮೂರು, ಬಾಗಿಲಿನ ರಬ್ಬರ್ ಸಡಿಲ. ಹತ್ತು ರೂಪಾಯಿ ನೋಟನ್ನು ಅರ್ಧ ಒಳಗಿಟ್ಟು ಬಾಗಿಲು ಹಾಕಿ ಎಳೆಯಿರಿ, ಬಿಗಿಯಾಗಿ ಬರಬೇಕು. ನಾಲ್ಕೂ ಬದಿ ನೋಡಿ, ಕೀಲಿನ ಕಡೆಯ ಕೆಳಮೂಲೆಯನ್ನು ಬಿಡಬೇಡಿ. ಸಡಿಲ ಇದ್ದಲ್ಲಿ ಸೋಪು ಹಾಕಿದ ಬೆಚ್ಚಗಿನ ನೀರಿನಿಂದ ಜಿಡ್ಡು ಒರೆಸಿ, ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿ. ರಬ್ಬರ್ ಹರಿಯದಿದ್ದರೆ ಎಷ್ಟೋ ಸಲ ಮತ್ತೆ ಕೂರುತ್ತದೆ.

ತಂಪುಯಂತ್ರ, ರಾಯಚೂರು
ಇನ್ನೊಂದು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಫ್ರಿಜ್ಜಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಹವಾಮಾನ ವರ್ಗ ಎಂದು ಒಂದು ಅಕ್ಷರ ಇರುತ್ತದೆ. ಎನ್ ಅಂದರೆ ಸುತ್ತಲಿನ ತಾಪಮಾನ 32 ಡಿಗ್ರಿವರೆಗೆ, ಎಸ್‌ಟಿ ಅಂದರೆ 38ರವರೆಗೆ, ಟಿ ಅಂದರೆ 43ರವರೆಗೆ ಕೆಲಸ ಮಾಡಲು ತಯಾರಾದದ್ದು. ರಾಯಚೂರು, ಬಳ್ಳಾರಿ ಕಡೆ ಮೇ ತಿಂಗಳಲ್ಲಿ ಹೊರಗೆ 40 ದಾಟುವುದು ಹೊಸದಲ್ಲ. ತಗಡಿನ ಶೆಡ್ಡಿನ ಅಡುಗೆಮನೆ, ಪಕ್ಕದಲ್ಲಿ ಉರಿಯುವ ಒಲೆ ಇದ್ದರೆ ಒಳಗೆ ಅದಕ್ಕೂ ಜಾಸ್ತಿ. ಹೊಸದು ಕೊಳ್ಳುವವರು ಟಿ ಇರುವುದನ್ನೇ ಕೇಳಿ ತಗೊಳ್ಳಿ.

ಇದ್ದದ್ದನ್ನು ಸರಿಮಾಡಲು: ಗೋಡೆಯಿಂದ 10–15 ಸೆಂಟಿಮೀಟರ್ ಮುಂದೆ ಎಳೆಯಿರಿ, ಮೇಲೆ ಬಟ್ಟೆ ಹೊದಿಸಬೇಡಿ. ಹಿಂದೆ ಕಪ್ಪು ಜಾಲರಿ ಕಾಣುತ್ತಿದ್ದರೆ ಪ್ಲಗ್ ತೆಗೆದು ಒಣ ಬ್ರಷ್ಷಿನಿಂದ ಧೂಳು ಕೆಡವಿ. ಒಳಗಿನ ಶಾಖ ಹೊರಬೀಳುವುದು ಆ ಜಾಲರಿಯಿಂದಲೇ. ನಮ್ಮ ಕಡೆಯ ಕೆಂಪು ಧೂಳು, ಜೋಳದ ಹಿಟ್ಟು, ಒಗ್ಗರಣೆ ಜಿಡ್ಡು ಸೇರಿ ಅಲ್ಲಿ ಚಾಪೆ ಹಾಗೆ ಕೂತಿರುತ್ತದೆ. ಗುಂಡಿ 4ಕ್ಕೆ ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ.

ಆಹಾರ ಪಾಠ, ಬಳ್ಳಾರಿ
ಯಂತ್ರದ ಮಾತು ಸರಿ, ಆದರೆ ಸಾರು ಒಂದೇ ರಾತ್ರಿಗೆ ಹುಳಿಯಾಗುವುದು ಬಹುಪಾಲು ಫ್ರಿಜ್ಜಿಗೆ ಹೋಗುವ ಮೊದಲೇ ನಿಶ್ಚಯವಾಗಿರುತ್ತದೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಫ್ರಿಜ್ ಅವನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ. ಒಂಬತ್ತು ಗಂಟೆಗೆ ಊಟ ಮುಗಿದು, ಸಾರಿನ ಪಾತೆಲಿ ಆರಲಿ ಎಂದು ಕಟ್ಟೆಯ ಮೇಲೆ ಬಿಟ್ಟು, ಮಲಗುವಾಗ ಹನ್ನೊಂದೂವರೆಗೆ ಒಳಗಿಟ್ಟರೆ ಅದು ಎರಡೂವರೆ ತಾಸು ಬೆಳೆದ ಬೆಳೆ. ಲೆಕ್ಕ ಶುರುವಾಗುವುದು ಒಲೆಯಿಂದ ಇಳಿಸಿದಾಗ, ಫ್ರಿಜ್ ಬಾಗಿಲು ಹಾಕಿದಾಗ ಅಲ್ಲ. ಸಾಮಾನ್ಯ ಮಿತಿ 2 ತಾಸು, ಕೋಣೆ 32 ಡಿಗ್ರಿ ಮೀರಿದ್ದರೆ 1 ತಾಸು. ಮಾರ್ಚ್‌ನಿಂದ ಜೂನ್‌ವರೆಗೆ ನಮಗೆ 1 ತಾಸೇ ಗಟ್ಟಿ ಅಂತ ಇಟ್ಟುಕೊಳ್ಳಿ.

ಸಿಂಧನೂರು ಸೋನಾ
ಹಂಗಾದ್ರ ಕುದಿಯೋ ಸಾರು ಸೀದಾ ಫ್ರಿಜ್ ಒಳಗ ಇಡಬೇಕೇನ್ರಿ? ಕಂಪ್ರೆಸರ್ ಸುಡತೈತಿ ಅಂತಾರಲ್ಲ.

ಆಹಾರ ಪಾಠ, ಬಳ್ಳಾರಿ
ಒಂದು ಬಟ್ಟಲು ಬೆಚ್ಚಗಿನ ಪಲ್ಯ ಇಟ್ಟರೆ ಏನೂ ಆಗುವುದಿಲ್ಲ. ಐದು ಲೀಟರ್ ಬಿಸಿ ಸಾರು ಇಟ್ಟರೆ ಎರಡು ಕೇಡು: ಪಕ್ಕದ ಹಾಲು, ಮೊಸರು ಬಿಸಿಯಾಗುತ್ತವೆ, ಸಾರಿನ ನಡುಭಾಗ ಬೆಳಗಿನ ಜಾವದವರೆಗೂ ಉಗುರುಬೆಚ್ಚಗೇ ಉಳಿಯುತ್ತದೆ. ದಪ್ಪ ಬೇಳೆಯ ಶಾಖ ಬೇಗ ಬಿಡುವುದಿಲ್ಲ. ದೊಡ್ಡ ಅಡುಗೆಯವರಿಗೆ ಇರುವ ನಿಯಮ ಹೀಗೆ: 60ರಿಂದ 21 ಡಿಗ್ರಿಗೆ 2 ತಾಸಿನೊಳಗೆ ಬರಬೇಕು, ಅಲ್ಲಿಂದ 5ಕ್ಕೆ ಇನ್ನು 4 ತಾಸಿನೊಳಗೆ. ಮನೆಯಲ್ಲಿ ಇದನ್ನು ಮಾಡುವ ದಾರಿ ಅಗಲ ಪಾತ್ರೆ. ಸಾರನ್ನು ಎರಡು ಮೂರು ಸ್ಟೀಲ್ ಬೋಗುಣಿಗೆ 5 ಸೆಂಟಿಮೀಟರಿಗಿಂತ ಆಳ ಆಗದಂತೆ ಹಂಚಿ, ನೀರು ತುಂಬಿದ ಅಗಲ ಟಬ್ಬಿನಲ್ಲಿ ಕೂರಿಸಿ, ಆಗಾಗ ಸೌಟಿನಿಂದ ತಿರುವಿ.

ಒಂದು ಎಚ್ಚರ: ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಬಿಟ್ಟುಕೊಂಡರೆ ಪ್ರಯೋಜನವಿಲ್ಲ, ನಲ್ಲಿಯಲ್ಲಿ ಬರುವುದೇ ಬಿಸಿನೀರು. ಮಣ್ಣಿನ ಹರವಿಯ ನೀರು ತಗೊಳ್ಳಿ, ಒಂದು ಟ್ರೇ ಐಸ್ ಹಾಕಿ. ಇಪ್ಪತ್ತು ನಿಮಿಷದಲ್ಲಿ ಬೋಗುಣಿಯ ತಳ ಕೈಗೆ ತಣ್ಣಗೆ ತಾಗುತ್ತದೆ. ಆಗ ಒಳಗಿಡಿ, ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಬಿಗಿ ಮಾಡಿ.

ಸಿಂಧನೂರು ಸೋನಾ
ಅನ್ನದ ಬಗ್ಗೆನೂ ಹೇಳ್ರಿ. ಸೋನಾ ಮಸೂರಿ ಬೆಳೆಯೋ ಊರಾಗ ದಿನಾ ಅನ್ನ ಉಳೀತೈತಿ. ಮುಂಜಾನೆ ಚಿತ್ರಾನ್ನ ಮಾಡಿದ್ರ ಎಣ್ಯಾಗ ಹುರದು ಎಲ್ಲಾ ಸತ್ತು ಹೋಗತಾವಲ್ಲ?

ಆಹಾರ ಪಾಠ, ಬಳ್ಳಾರಿ
ಇಲ್ಲೇ ಎಲ್ಲರೂ ಎಡವುವುದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಅನ್ನ ಕುದ್ದರೂ ಅವು ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಕೂತಾಗ ಮೊಳೆತು ವಿಷ ಬಿಡುತ್ತವೆ. ವಾಂತಿ ತರುವ ಆ ವಿಷ ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ಆದ್ದರಿಂದ ರಾತ್ರಿಯೆಲ್ಲ ಕುಕ್ಕರಿನಲ್ಲಿ ಮುಚ್ಚಿಟ್ಟ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಉಳಿಸಲು ಆಗುವುದಿಲ್ಲ. ವಾಸನೆಯೂ ಬಂದಿರುವುದಿಲ್ಲ, ರುಚಿಯೂ ಕೆಟ್ಟಿರುವುದಿಲ್ಲ.

ಚಿತ್ರಾನ್ನಕ್ಕೆ ಬೇಕೆಂದರೆ ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲ ತಾಟಿನಲ್ಲಿ ಬೆರಳು ದಪ್ಪಕ್ಕೆ ಹರವಿ, ಫ್ಯಾನಿನ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಆರಿಸಿ, ಡಬ್ಬಿಗೆ ತುಂಬಿ ಫ್ರಿಜ್ಜಿಗೆ. 24 ತಾಸಿನೊಳಗೆ ತಿಂದು ಮುಗಿಸಬೇಕು. ಬಿಸಿ ಮಾಡುವುದು ಒಂದೇ ಸಲ, ಹೊಗೆಯಾಡುವಷ್ಟು.

ಮಾನ್ವಿ ಜೋಳ
ಹಿಂದಿನೋರು ಅನ್ನಕ್ಕ ನೀರ ಹಾಕಿ ಇಟ್ಟು ಮುಂಜಾನೆ ಮಜ್ಜಿಗಿ ಕಲಿಸಿ ಉಣತಿದ್ರು. ಅದೂ ತಪ್ಪೇನು?

ಆಹಾರ ಪಾಠ, ಬಳ್ಳಾರಿ
ಅದು ಬೇರೆ ಕ್ರಮ. ನೀರಿನಲ್ಲಿ ಮುಳುಗಿದ ಅನ್ನ ಹುಳಿಯುತ್ತದೆ, ಆ ಹುಳಿಯೇ ಬೇರೆ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಆದರೆ ಹುಳಿ ಚೆನ್ನಾಗಿ ಹಿಡಿಯುವ ತನಕ ಆ ಕಾವಲು ಇಲ್ಲ. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಅದನ್ನು ಭದ್ರ ಎಂದು ಹೇಳಲಾರೆ. ಒಣಗಿದಂತೆ ಕೂತ ತಂಗಳನ್ನಕ್ಕೂ ಹುಳಿಸಿದ ಅನ್ನಕ್ಕೂ ಒಂದೇ ಲೆಕ್ಕ ಹಾಕಬೇಡಿ.

ಮಾನ್ವಿ ಜೋಳ
ರೊಟ್ಟಿ ವಿಚಾರ ನಾ ಹೇಳ್ತೀನಿ. ಮೆತ್ತನ ಜೋಳದ ರೊಟ್ಟಿ ಫ್ರಿಜ್ ಒಳಗ ಇಟ್ರ ಹೊರಗಿಟ್ಟದ್ದಕ್ಕಿಂತ ಲಗೂ ಬಿರುಸಾಗತೈತಿ. ಬೆಂದ ಪಿಷ್ಟ ತಿರುಗಿ ಗಟ್ಟಿ ಆಗೋದು 0ಯಿಂದ 5 ಡಿಗ್ರಿ ಒಳಗ ಭಾಳ ಜೋರು. ಇಡೋದೇ ಇದ್ರ ಫ್ರೀಜರಿನಾಗ ಇಡ್ರಿ, ನಡುವ ಒಂದೊಂದು ಬಟರ್ ಪೇಪರ್ ಹಾಕಿ. ಇಲ್ಲಂದ್ರ ಹಂಚಿನ ಮ್ಯಾಲ ಕಡಕ್ ಮಾಡಿ ಹೊರಗ ಬಟ್ಟಿ ಸುತ್ತಿ ಇಡ್ರಿ. ಕಡಕ್ ರೊಟ್ಟ್ಯಾಗ ನೀರಿನಂಶಾನ ಇರಂಗಿಲ್ಲ, ಅದಕ್ಕ ಫ್ರಿಜ್ ಬ್ಯಾಡ. ಫ್ರಿಜ್ ಒಳಗಿಟ್ರ ತೇವ ಹಿಡದು ಮುದ್ದಿ ಆಗತೈತಿ, ಬೂಸರೂ ಬರತೈತಿ.

ಜೋಳದ ಹಿಟ್ಟು ಬೀಸಿಸಿ ತಿಂಗಳಾದ್ಮ್ಯಾಲ ಕಹಿ ಬರೋದು ಅದರೊಳಗಿನ ಎಣ್ಣಿ ಅಂಶ ಕೆಟ್ಟು. ಹದಿನೈದು ದಿನಕ್ಕ ಸಾಕಾಗುವಷ್ಟ ಬೀಸಿಸ್ರಿ, ಹೆಚ್ಚಾದ್ರ ಗಾಳಿ ಆಡದ ಡಬ್ಬ್ಯಾಗ ಫ್ರಿಜ್. ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು, ಅಗಸಿ ಹಿಂಡಿಗೂ ಇದೇ ಮಾತು. ಅದರಾಗ ಅಗಸಿ ಎಲ್ಲಾಕ್ಕಿಂತ ಲಗೂ ಮುಗ್ಗ ಹಿಡೀತೈತಿ, ಅದರ ಎಣ್ಣಿ ಗಾಳಿಗೆ ಭಾಳ ಸೂಕ್ಷ್ಮ. ದೊಡ್ಡ ಡಬ್ಬಿ ಫ್ರಿಜ್ ಒಳಗ, ವಾರಕ್ಕಾಗುವಷ್ಟು ಸಣ್ಣ ಡಬ್ಬಿ ಹೊರಗ. ತಣ್ಣನ ಡಬ್ಬಿ ಹೊರಗ ತಗದ ಕೂಡ್ಲೆ ಮುಚ್ಚಳ ತೆರೀಬ್ಯಾಡ್ರಿ, ಬೆವರು ಒಳಗ ಇಳದು ಹಿಂಡಿ ಗಂಟ ಕಟ್ಟತೈತಿ. ಅರ್ಧ ತಾಸು ಬಿಟ್ಟು ತೆರೀರಿ.

ಕೌಲ್ ಬಜಾರ್
ಹಸಿ ಮಾಂಸ ಕೆಳಗಿನ ತಟ್ಟೆಯಲ್ಲಿ ಇಡಬೇಕು ಎಂದು ಎಲ್ಲಾ ಕಡೆ ಓದುತ್ತೇವೆ. ಸಿಂಗಲ್ ಡೋರಿನಲ್ಲಿ ಕೆಳಗೆ ತರಕಾರಿ ಡಬ್ಬ ಇದೆ, ಅದೇ ಎಲ್ಲಕ್ಕಿಂತ ಬೆಚ್ಚಗೆ. ಹಾಗಾದರೆ?

ತಂಪುಯಂತ್ರ, ರಾಯಚೂರು
ಒಳ್ಳೆಯ ಪ್ರಶ್ನೆ. ಕೆಳಗೆ ಎನ್ನುವ ಮಾತಿನ ಉದ್ದೇಶ ರಕ್ತದ ನೀರು ಬೇಯಿಸಿದ ಅಡುಗೆ ಮೇಲೆ ತೊಟ್ಟಿಕ್ಕಬಾರದು ಎಂಬುದು. ನಮ್ಮ ಸಿಂಗಲ್ ಡೋರಿನಲ್ಲಿ ಅತಿ ತಂಪು ಜಾಗ ಫ್ರೀಜರಿನ ಕೆಳಗೇ ಇರುವ ಚಿಲ್ಲರ್ ಟ್ರೇ. ಆದ್ದರಿಂದ ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಚಿಲ್ಲರ್ ಟ್ರೇಯಲ್ಲಿ ಇಡಿ. ಡಬ್ಬಿ ಸೋರದಿದ್ದರೆ ಮೇಲಿದ್ದರೂ ಭಯವಿಲ್ಲ. ಎರಡು ಬಾಗಿಲಿನ, ಹಿಮ ಕಟ್ಟದ ಫ್ರಾಸ್ಟ್ ಫ್ರೀ ಫ್ರಿಜ್ ಇದ್ದವರು ತರಕಾರಿ ಡಬ್ಬದ ಮೇಲಿನ ಗಾಜಿನ ತಟ್ಟೆಯಲ್ಲಿ ಇಡಬಹುದು, ಹಿಂಗೋಡೆಯ ಗಾಳಿಕಿಂಡಿ ಮುಚ್ಚದಂತೆ.

ಹಾಲನ್ನು ಬಾಗಿಲಿನಿಂದ ತೆಗೆಯಿರಿ. ಬಾಗಿಲು ತೆಗೆದಾಗಲೆಲ್ಲ ಮೊದಲು ಬಿಸಿಗಾಳಿ ಬಡಿಯುವುದು ಅಲ್ಲಿಗೆ. ನೀರಿನ ಬಾಟಲಿ, ಉಪ್ಪಿನಕಾಯಿ, ಸಾಸು ಅಲ್ಲಿರಲಿ, ಹಾಲು ನಡುವಿನ ತಟ್ಟೆಯ ಹಿಂಭಾಗಕ್ಕೆ ಹೋಗಲಿ. ಭಾಗ್ಯನಗರದವರ ಹಾಲು ಒಡೆಯುವ ತೊಂದರೆಗೆ ಅರ್ಧ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ.

ಕೌಲ್ ಬಜಾರ್
ಮಾಂಸದ ದಿನಗಳನ್ನು ನಾನೇ ಬರೆಯುತ್ತೇನೆ, ಇದರಲ್ಲಿ ಗೊಂದಲ ಬಹಳ. 4 ಡಿಗ್ರಿಯಲ್ಲಿ ಹಸಿ ಕೋಳಿ, ಮೀನು, ಕೈಮಾ 1–2 ದಿನ. ಕುರಿ ಮಾಂಸದ ತುಂಡು 3 ದಿನ, ಹೆಚ್ಚೆಂದರೆ 5. ತುಂಗಭದ್ರೆಯ ಕಟ್ಲಾ, ರೋಹು ತಂದರೆ ಹೊಟ್ಟೆ, ಕಿವಿರು ತೆಗೆಸಿಯೇ ತನ್ನಿ. ಮೀನು ಮೊದಲು ಕೆಡುವುದು ಕರುಳು, ಕಿವಿರಿನಿಂದ. ಕೋಳಿಯನ್ನು ನಲ್ಲಿ ಕೆಳಗೆ ರಭಸವಾಗಿ ತೊಳೆಯಬೇಡಿ, ಹನಿ ಸಿಡಿದು ಪಕ್ಕದ ಕೊತ್ತಂಬರಿ, ತಾಟು ಎಲ್ಲಕ್ಕೂ ಬೀಳುತ್ತದೆ.

ಫ್ರೀಜರಿಗೆ ಹಾಕುವಾಗ ಒಂದು ಅಡುಗೆಗೆ ಬೇಕಾದಷ್ಟು, ಅರ್ಧ ಕಿಲೋ, ಚೀಲದಲ್ಲಿ ಚಪ್ಪಟೆ ಮಾಡಿ, ಗಾಳಿ ಪೂರ್ತಿ ಒತ್ತಿ ತೆಗೆದು, ತಾರೀಖು ಬರೆದು ಹಾಕಿ. ಉಂಡೆ ಮಾಡಿ ಹಾಕಿದರೆ ನಡುವೆ ಹೆಪ್ಪುಗಟ್ಟಲು ಬಹಳ ಹೊತ್ತು ಬೇಕು. ನಿಧಾನವಾಗಿ ಕಟ್ಟಿದ ಐಸಿನ ಹರಳು ದಪ್ಪ, ಮಾಂಸದ ಎಳೆ ಹರಿಯುತ್ತದೆ, ಕರಗಿದಾಗ ನೀರೆಲ್ಲ ಸೋರಿ ನಾರಾಗುತ್ತದೆ. ಗಾಳಿ ಉಳಿದರೆ ಬಿಳಿ ಬಿಳಿ ಒಣಕಲು ಕಲೆ ಬರುತ್ತದೆ. ಅದು ವಿಷವಲ್ಲ, ಐಸ್ ಸೀದಾ ಆವಿಯಾಗಿ ಮಾಂಸ ಒಣಗಿದ ಗುರುತು. ಕೆತ್ತಿ ತೆಗೆದು ಉಳಿದದ್ದನ್ನು ಮಾಡಬಹುದು.

ಕರಗಿಸುವುದು ಹಿಂದಿನ ರಾತ್ರಿ ಫ್ರಿಜ್ಜಿನಲ್ಲೇ. ಅವಸರ ಇದ್ದರೆ ಚೀಲ ಬಿಗಿಮಾಡಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ತಾಸಿಗೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬೇಯಿಸಿ. ಕಟ್ಟೆ ಮೇಲೆ ಇಟ್ಟು ಕರಗಿಸಿದರೆ ಒಳಗೆ ಐಸ್ ಇರುವಾಗಲೇ ಹೊರಮೈ ಬೆಚ್ಚಗಾಗಿರುತ್ತದೆ. ಫ್ರಿಜ್ಜಿನಲ್ಲಿ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಹುದು, ರುಚಿ ಇಳಿಯುತ್ತದೆ ಅಷ್ಟೆ. ಹೊರಗೆ ಕರಗಿದ್ದನ್ನು ಹಾಕಬಾರದು.

ಗಂಗಾವತಿ
ಫ್ರೀಜರಿನಲ್ಲಿ ಎಷ್ಟು ತಿಂಗಳು? ಐದು ಸ್ಟಾರ್ ಫ್ರಿಜ್ ಆದರೆ ಜಾಸ್ತಿ ಇಡಬಹುದಲ್ಲವೇ?

ತಂಪುಯಂತ್ರ, ರಾಯಚೂರು
ಎರಡು ನಕ್ಷತ್ರ ಬೇರೆ ಬೇರೆ. ಬಾಗಿಲಿಗೆ ಅಂಟಿಸಿದ ದೊಡ್ಡ ಸ್ಟಾರ್ ಚೀಟಿ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯದು, ಅದು ಕರೆಂಟಿನ ಉಳಿತಾಯದ ಲೆಕ್ಕ. ಫ್ರೀಜರಿನ ತಂಪು ಹೇಳುವುದು ಫ್ರೀಜರ್ ಬಾಗಿಲಿನ ಮೇಲೆ ಅಥವಾ ಕೈಪಿಡಿಯಲ್ಲಿ ಇರುವ ಸಣ್ಣ ನಕ್ಷತ್ರ ಗುರುತು. ಒಂದು ನಕ್ಷತ್ರ ಮೈನಸ್ 6 ಡಿಗ್ರಿ, ಸುಮಾರು ಒಂದು ವಾರ. ಎರಡು ನಕ್ಷತ್ರ ಮೈನಸ್ 12, ಸುಮಾರು ಒಂದು ತಿಂಗಳು. ಮೂರು ನಕ್ಷತ್ರ ಮೈನಸ್ 18, ಮೂರು ತಿಂಗಳು. ಇಂಟರ್‌ನೆಟ್ಟಿನಲ್ಲಿ ಕಾಣುವ ಆರು ತಿಂಗಳು, ಒಂಬತ್ತು ತಿಂಗಳು ಎಲ್ಲಾ ಮೈನಸ್ 18 ಕದಲದೆ ನಿಲ್ಲುವ ಫ್ರೀಜರಿನ ಮಾತು. ನಮ್ಮ ಸಿಂಗಲ್ ಡೋರಿನ ಗೂಡಿಗೆ ಅದನ್ನು ಅನ್ವಯಿಸಬೇಡಿ. ಐಸ್ ಕ್ರೀಮ್ ಕಲ್ಲಿನ ಹಾಗಿರದೆ ಚಮಚೆಗೆ ಸಲೀಸಾಗಿ ಬರುತ್ತಿದ್ದರೆ ನಿಮ್ಮದು ಮೈನಸ್ 18 ಇಲ್ಲವೆಂದೇ ತಿಳಿಯಿರಿ.

ಹಿಮ ಕರಗಿಸುವಾಗ ಚಾಕು, ಸ್ಕ್ರೂಡ್ರೈವರ್ ಮುಟ್ಟಿಸಬೇಡಿ, ಕೈಮುಗಿದು ಹೇಳುತ್ತೇನೆ. ತೆಳು ಅಲ್ಯೂಮಿನಿಯಂ ಗೋಡೆಯೊಳಗೇ ಗ್ಯಾಸ್ ಓಡುತ್ತದೆ. ತೂತಾದರೆ ಗ್ಯಾಸ್ ಪೂರ್ತಿ ಹೋಗುತ್ತದೆ, ಈಗಿನ ಬಹಳ ಫ್ರಿಜ್ಜುಗಳಲ್ಲಿ ಇರುವ ಆರ್ 600ಎ ಉರಿಯುವ ಗ್ಯಾಸ್ ಕೂಡ. ಪ್ಲಗ್ ತೆಗೆದು, ಬಾಗಿಲು ತೆರೆದು, ಒಂದು ಬೋಗುಣಿ ಬಿಸಿನೀರು ಫ್ರೀಜರಿನೊಳಗೆ ಇಟ್ಟರೆ ಹಿಮ ತಾನಾಗಿಯೇ ಹಲಗೆ ಹಲಗೆಯಾಗಿ ಕಳಚುತ್ತದೆ. ಅಷ್ಟು ಹೊತ್ತು ಸಾಮಾನುಗಳನ್ನು ಐಸ್ ಬಾಟಲಿ ಜೊತೆ ದಪ್ಪ ಚಾದರದಲ್ಲಿ ಸುತ್ತಿಡಿ. ಬೆಳಗಿನ ಜಾವದಲ್ಲಿ ಮಾಡಿಕೊಳ್ಳಿ, ಮಧ್ಯಾಹ್ನ ಬೇಡ.

ಗಂಗಾವತಿ
ಕರೆಂಟ್ ಹೋದಾಗ? ಹಳ್ಳಿ ಕಡೆ ನಾಲ್ಕೈದು ತಾಸು ಬರುವುದಿಲ್ಲ.

ಆಹಾರ ಪಾಠ, ಬಳ್ಳಾರಿ
ಬಾಗಿಲು ತೆಗೆಯದಿದ್ದರೆ ಫ್ರಿಜ್ ಭಾಗ ಸುಮಾರು 4 ತಾಸು ತಡೆಯುತ್ತದೆ. ತುಂಬಿದ ಪ್ರತ್ಯೇಕ ಫ್ರೀಜರ್ 48 ತಾಸು, ಅರ್ಧ ತುಂಬಿದ್ದು 24 ಎಂಬುದು ಪುಸ್ತಕದ ಲೆಕ್ಕ. 40 ಡಿಗ್ರಿ ಬಿಸಿಲಿನ ಮನೆಯಲ್ಲಿ, ಸಣ್ಣ ಗೂಡಿನ ಫ್ರೀಜರಿನಲ್ಲಿ ಅಷ್ಟು ನಿಲ್ಲುವುದಿಲ್ಲ. ಖಾಲಿ ಜಾಗಕ್ಕೆ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಿ. ನೀರು ಐಸಾದಾಗ ಶೇಕಡ 9ರಷ್ಟು ಉಬ್ಬುತ್ತದೆ, ಪೂರ್ತಿ ತುಂಬಬೇಡಿ, ಗಾಜಿನ ಬಾಟಲಿ ಬೇಡವೇ ಬೇಡ. ಕರೆಂಟ್ ಹೋದ ಕೂಡಲೇ ಎರಡು ಬಾಟಲಿ ಕೆಳಗಿಳಿಸಿ ಹಾಲು, ಸಾರಿನ ಪಕ್ಕ ಇಡಿ.

ಊರಿಗೆ ಹೋಗುವಾಗ ಒಂದು ಬಟ್ಟಲು ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಕಟ್ಟಿದೆ ಎಂದರ್ಥ, ಮಾಂಸ ಚೆಲ್ಲಿ. 5 ಡಿಗ್ರಿ ಮೀರಿ 2 ತಾಸು ಕಳೆದ ಹಾಲು, ಮಾಂಸ, ಅನ್ನ, ಬೇಳೆ ಚೆಲ್ಲಬೇಕು. ತುಪ್ಪ, ಉಪ್ಪಿನಕಾಯಿ, ಹಿಂಡಿ, ಇಡೀ ಹಣ್ಣುಗಳಿಗೆ ಏನೂ ಆಗುವುದಿಲ್ಲ. ಮಾಂಸದಲ್ಲಿ ಇನ್ನೂ ಐಸಿನ ಹರಳು ಕೈಗೆ ಸಿಗುತ್ತಿದ್ದರೆ ಉಳಿಸಿಕೊಳ್ಳಬಹುದು.

ತಂಪುಯಂತ್ರ, ರಾಯಚೂರು
ಕರೆಂಟ್ ಬಂದ ಕೂಡಲೇ ಹೋಗಿ ಬಂದು ಆಟ ಆಡುತ್ತಿದ್ದರೆ ಪ್ಲಗ್ ತೆಗೆದಿಡಿ. ಕಂಪ್ರೆಸರ್ ಒಳಗಿನ ಒತ್ತಡ ಇಳಿಯಲು 3–5 ನಿಮಿಷ ಬೇಕು. ಅಷ್ಟರೊಳಗೆ ಮತ್ತೆ ಎಳೆದರೆ ಗುಂಯ್ ಎಂದು ನಿಂತು ಬಿಸಿಯಾಗುತ್ತದೆ. ವೋಲ್ಟೇಜ್ ಕಡಿಮೆ ಇರುವ ಊರಿನಲ್ಲಿ ತಡಮಾಡಿ ಕರೆಂಟ್ ಬಿಡುವ ಸ್ಟೆಬಿಲೈಸರ್ ಹಾಕಿ.

ಕುಷ್ಟಗಿ ದಾಳಿಂಬೆ
ತರಕಾರಿ, ಹಣ್ಣಿಗೂ ಸ್ವಲ್ಪ ಜಾಗ ಕೊಡಿ. ಉಳ್ಳಾಗಡ್ಡಿ, ಬಟಾಟಿ ಫ್ರಿಜ್ಜಿಗೆ ಬೇಡ. ಉಳ್ಳಾಗಡ್ಡಿ ತೇವಕ್ಕೆ ಕೊಳೆಯುತ್ತದೆ, ಬಟಾಟಿಯ ಪಿಷ್ಟ ಸಕ್ಕರೆಯಾಗಿ ಕರಿದಾಗ ಕಪ್ಪಗೆ ಸೀಯುತ್ತದೆ. ಮಾವು ಗಟ್ಟಿ ಇರುವಾಗಲೇ ಒಳಗಿಟ್ಟರೆ ಸಿಪ್ಪೆ ಕಂದಿ ಹಣ್ಣಾಗುವುದೇ ನಿಲ್ಲುತ್ತದೆ, ಕೊಪ್ಪಳದ ಕೇಸರ್ ಆದರೂ ಅಷ್ಟೆ. ಹೊರಗೆ ಹಣ್ಣಾದ ಮೇಲೆ ಒಳಗಿಡಿ. ಬಳ್ಳಾರಿ ಅಂಜೂರ ಮಾತ್ರ ತಂದ ದಿನವೇ ಒಳಗೆ ಹೋಗಬೇಕು, ತೊಳೆಯದೆ, ಒಂದರ ಮೇಲೊಂದು ಹೇರದೆ, ಎರಡು ದಿನದಲ್ಲಿ ತಿಂದುಬಿಡಿ. ಕೊತ್ತಂಬರಿ, ಪುಂಡಿ, ಮೆಂತ್ಯ ತೊಳೆಯದೆ ಬೇರು ಕತ್ತರಿಸಿ ಒಣಬಟ್ಟೆಯಲ್ಲಿ ಸುತ್ತಿ. ಹೆಚ್ಚಿದ ಕಲ್ಲಂಗಡಿ ಹಸಿ ಮಾಂಸದಷ್ಟೇ ಸೂಕ್ಷ್ಮ: ಸಿಪ್ಪೆ ತೊಳೆದು ಹೆಚ್ಚಿ, ಉಳಿದದ್ದನ್ನು ಮುಚ್ಚಿ ಒಳಗಿಟ್ಟು ಮರುದಿನ ಮುಗಿಸಿ.

ಹಸಿ ತೊಗರಿಕಾಳು ಸುಗ್ಗಿಯಲ್ಲಿ ಸಿಕ್ಕಾಗ ಫ್ರೀಜರಿಗೆ ಹಾಕುವವರು ಕುದಿಯುವ ನೀರಿನಲ್ಲಿ 2 ನಿಮಿಷ ಬಿಟ್ಟು, ಐಸ್ ನೀರಿಗೆ ಹಾಕಿ, ಬಟ್ಟೆ ಮೇಲೆ ಪೂರ್ತಿ ಒಣಗಿಸಿ ತುಂಬಿ. ಹಸಿಯಾಗಿಯೇ ಹಾಕಿದರೆ ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ಕೆಲಸ ಮಾಡಿ ತಿಂಗಳಲ್ಲಿ ಬಣ್ಣ, ರುಚಿ ಕೆಡಿಸುತ್ತವೆ.

ಮಾನ್ವಿ ಜೋಳ
ಬಳ್ಳೊಳ್ಳಿ ಎಣ್ಯಾಗ ಹಾಕಿ ಹೊರಗ ಇಡೋರು ಭಾಳ ಮಂದಿ ಅದಾರ. ಅದು ಸರೀನ?

ಆಹಾರ ಪಾಠ, ಬಳ್ಳಾರಿ
ಖಂಡಿತ ಬೇಡ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬೊಟುಲಿಸಂ ಎಂಬ ಪ್ರಾಣಾಪಾಯದ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದ್ದೇ ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ಜಾಗ. ಬಣ್ಣ, ವಾಸನೆ ಏನೂ ತೋರಿಸುವುದಿಲ್ಲ. ಶುಂಠಿ ಬಳ್ಳೊಳ್ಳಿ ಪೇಸ್ಟ್ ಫ್ರಿಜ್ಜಿನಲ್ಲಿ ನಾಲ್ಕು ದಿನಕ್ಕೆ ಬೇಕಾದಷ್ಟು ಇಟ್ಟು, ಉಳಿದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಒಂದೊಂದೇ ತುಂಡು ತೆಗೆದು ಬಳಸಿ.

ಭಾಗ್ಯನಗರ, ಕೊಪ್ಪಳ
ಲೋಟದ ನೀರು ಬೆಳಿಗ್ಗೆ 7, ಮಧ್ಯಾಹ್ನ 11 ಡಿಗ್ರಿ ತೋರಿಸಿತು. ಚಿಲ್ಲರ್ ಟ್ರೇ ಮೇಲೆ ಪ್ಲಾಸ್ಟಿಕ್ ಹಾಸಿತ್ತು, ಹಿಮ ಬೆರಳು ದಪ್ಪ. ಹಿಮ ಕರಗಿಸಿ, ಹಾಸು ತೆಗೆದು, ಗೋಡೆಯಿಂದ ಮುಂದೆ ಎಳೆದು, ಗುಂಡಿ 4ಕ್ಕೆ ಇಟ್ಟ ಮೇಲೆ ಬೆಳಿಗ್ಗೆ 3, ಮಧ್ಯಾಹ್ನ 5. ನೋಟು ಕೀಲಿನ ಕೆಳಮೂಲೆಯಲ್ಲಿ ಸಲೀಸಾಗಿ ಜಾರುತ್ತದೆ.

ತಂಪುಯಂತ್ರ, ರಾಯಚೂರು
ಹಾಗಾದರೆ ಆ ಒಂದು ಡಿಗ್ರಿ ಇರುವುದು ರಬ್ಬರಿನಲ್ಲಿ. ಬಿಸಿನೀರಿನ ಬಟ್ಟೆ ಎರಡು ಸಲ ಒತ್ತಿ ನೋಡಿ, ಕೂರದಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ ಅದೇ ಅಳತೆಯ ಹೊಸ ರಬ್ಬರ್ ತನ್ನಿ. ಅಲ್ಲಿಯವರೆಗೆ ಮಧ್ಯಾಹ್ನ ಒಂದು ಐಸ್ ಬಾಟಲಿಯನ್ನು ಹಾಲಿನ ಪಕ್ಕ ಇಡಿ.